ಮನೆಗೊಂದು ಬಂದೂಕು ಬೇಕೆ?

(ಕೊಯಮತ್ತೂರಿನ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಸಂಬಳ, ಬೋನಸ್ಸುಗಳ ಮಾತು ಬಿಟ್ಟು ನಾವಿಂದು ಬಂದೂಕಿನ ವಿಷಯ ಎತ್ತಿರುವುದು ನಿಮಗೆ ಆಶ್ಚರ್ಯವೆನಿಸಬಹುದು. ಆದರೆ ತಡಾಗಂ, ತೊಂಡಾಮುತ್ತೂರು ಕಡೆಯ ಬೆಟ್ಟದ ಬುಡದಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಹೋದಾಗಲೆಲ್ಲ ಒಂದೇ ಮಾತು ಕಿವಿಗೆ ಬೀಳುತ್ತದೆ: "ಮನೆಗೊಂದು ಬಂದೂಕು ಕೊಟ್ಟರೆ ಕಾಡುಹಂದಿಯ ಕಾಟ ತೀರುತ್ತದೆ." ಸಾಲ ಮಾಡಿ ಬೆಳೆದ ಜೋಳ ಒಂದೇ ರಾತ್ರಿಯಲ್ಲಿ ನೆಲಸಮವಾದುದನ್ನು ಕಂಡವರ ಕೋಪ ತಪ್ಪೆಂದು ನಾವು ಹೇಳಲಾರೆವು.

ಮೊದಲು ಕಾನೂನನ್ನು ತಿಳಿಯೋಣ. 1959ರ ಆಯುಧ ಕಾಯಿದೆಯಲ್ಲಿ ಬೆಳೆ ರಕ್ಷಣೆಗೂ ಲೈಸೆನ್ಸು ಕೇಳಲು ಅವಕಾಶವಿದೆ. ಆದರೆ ಲೈಸೆನ್ಸಿದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ವಾಳಯಾರಿನ ಆಚೆ ಕೇರಳದಲ್ಲಿ, ಲೈಸೆನ್ಸುಳ್ಳವರಿಂದ ಹಂದಿ ಹೊಡೆಸುವ ಅಧಿಕಾರವನ್ನು 2022ರಲ್ಲಿ ಪಂಚಾಯತಿ ಅಧ್ಯಕ್ಷರಿಗೆ ಕೊಡಲಾಯಿತು. ನಮ್ಮ ತಮಿಳುನಾಡು 2025ರ ಜನವರಿಯಲ್ಲಿ ಬೇರೆ ದಾರಿ ಹಿಡಿಯಿತು. ಕಾಡಿನ ಅಂಚಿನಿಂದ 1 ಕಿ.ಮೀ. ಒಳಗೆ ಹೊಡೆಯುವಂತಿಲ್ಲ, 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು, 3 ಕಿ.ಮೀ. ಆಚೆ ಅರಣ್ಯ ಇಲಾಖೆಯವರೇ ಹೊಡೆಯಬೇಕು. ಕಾಡಿಗೆ ತೀರ ಹತ್ತಿರ ಇರುವವನ ಗತಿ ಏನೆಂಬ ಪ್ರಶ್ನೆ ಹಾಗೇ ಉಳಿದಿದೆ.

"ಅವರಿಗುಂಟು, ನಮಗೇಕಿಲ್ಲ?" ಎಂದು ಯುವಕರು ಕೇಳುತ್ತಾರೆ. ನಾವು ತಿರುಗಿ ಕೇಳುವುದು ಇಷ್ಟೆ: ಬಂದೂಕು ಯಾರ ಕೈಗೆ ಬರುತ್ತದೆ? ಪಟ್ಟಾ ಇದ್ದವನಿಗೆ, ಆಫೀಸು ಅಲೆಯಬಲ್ಲವನಿಗೆ. ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವ ಕೂಲಿಯವನ ಕೈಗಲ್ಲ. ಒಂದು ಊರಿನ ಕೂಟದಲ್ಲಿ ಹೊಲದ ಕೆಲಸದ ತಾಯಿಯೊಬ್ಬಳು ಎದ್ದು ನಿಂತು ಹೇಳಿದಳು: "ಹೊತ್ತು ಮೂಡುವ ಮುಂಚೆ ಹೊಲಕ್ಕೆ ಹೋಗುವವರು ನಾವು. ಕತ್ತಲಲ್ಲಿ ಪೊದೆ ಅಲುಗಿದರೆ ಹಂದಿಯೋ ಹೆಂಗಸೋ ಎಂದು ಗುಂಡು ಕೇಳೀತೆ?" ಆ ಕೂಟದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಹಣ್ಣಿನೊಳಗೆ ಸಿಡಿಮದ್ದು ತುಂಬಿಡುವ ಅವುಟ್ಟುಕಾಯಿಯೂ ಹೀಗೆಯೇ. ಹಂದಿಗೆಂದು ಇಟ್ಟದ್ದು ಆನೆಯ ಬಾಯನ್ನು ಸೀಳಿದೆ. ಮುಟ್ಟಿದ ಮಗುವಿನ ಕೈಯನ್ನೂ ಬಿಡದು.

ಇನ್ನು ಕೆಲವರು, ಬಂದೂಕೆಲ್ಲ ಸರಕಾರದ ಕೈಯಲ್ಲಿದ್ದರೆ ಬಡವನಿಗೆ ರಕ್ಷೆ ಎಲ್ಲಿ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. 1970ರ ಜೂನ್ 19ರಂದು ತಿರುಪ್ಪೂರಿನ ಹತ್ತಿರ ಪೆರುಮಾನಲ್ಲೂರಿನಲ್ಲಿ, ವಿದ್ಯುತ್ ದರದ ಏರಿಕೆಯನ್ನು ವಿರೋಧಿಸಿದ ಮೂವರು ರೈತರು ಪೊಲೀಸರ ಗುಂಡಿಗೆ ಬಲಿಯಾದರು. ಆದರೆ ಆ ದಿನ ಗುಂಪಿನಲ್ಲಿಯೂ ಬಂದೂಕುಗಳಿದ್ದಿದ್ದರೆ ಹೆಣಗಳ ಲೆಕ್ಕ ಮೂರಕ್ಕೆ ನಿಲ್ಲುತ್ತಿತ್ತೆ? ರೈತರ ಚಳವಳಿ ಅಲ್ಲಿಗೆ ಮುಗಿಯಲಿಲ್ಲ, ಸಂಘಟನೆಯಿಂದಲೇ ಬೆಳೆಯಿತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕನ್ನೂ ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಹೊರಡುವುದನ್ನು ನಾವು ಕಾಣುತ್ತೇವೆ. ಜಗಳವೂ ಬಂದೂಕೂ ಒಂದೇ ಮನೆಯಲ್ಲಿ ಇರಬಾರದೆಂಬ ತಿಳಿವಳಿಕೆ ಅದರಲ್ಲಿದೆ.

ಆದ್ದರಿಂದ ನಾವು ಕೇಳಬೇಕಾದುದು ಒಬ್ಬೊಬ್ಬರಿಗೆ ಒಂದೊಂದು ಬಂದೂಕಲ್ಲ, ಎಲ್ಲರಿಗೂ ಸೇರಿದ ಕಾವಲು. ಕರೆದ ರಾತ್ರಿಯೇ ಬರುವ ಅರಣ್ಯ ಸಿಬ್ಬಂದಿ ಬೇಕು. ಕಾಡಂಚಿನ ಹೊಲಗಳಿಗೆ ಸರಕಾರದ ಖರ್ಚಿನಲ್ಲಿ ಬೇಲಿ ಬೇಕು. ಪರಿಹಾರ ಜಮೀನುದಾರನಿಗಷ್ಟೇ ಅಲ್ಲ, ಗುತ್ತಿಗೆಗೆ ಬೆಳೆದವನಿಗೂ ಕೂಲಿ ಕಳೆದುಕೊಂಡವಳಿಗೂ ಸಿಗಬೇಕು. ಲೈಸೆನ್ಸಿನ ಬಂದೂಕು ಈಗಾಗಲೇ ಇರುವವರು ಅದನ್ನು ಬೀಗದೊಳಗಿಟ್ಟು, ತೋಟೆಗಳನ್ನು ಬೇರೆ ಕಡೆ ಇಡಲಿ. ಕಳ್ಳಬಂದೂಕನ್ನೂ ಸಿಡಿಮದ್ದನ್ನೂ ನಮ್ಮವರು ಯಾರೂ ಮುಟ್ಟದಿರಲಿ.

ಗೆತ್ಸೆಮನೆ ತೋಟದಲ್ಲಿ ಕತ್ತಿ ಹಿರಿದ ಪೇತ್ರನಿಗೆ ಪ್ರೀತಿ ಕಡಿಮೆ ಇರಲಿಲ್ಲ. ಆದರೂ ಅವನ ಏಟು ಬಿದ್ದದ್ದು ಮಹಾಯಾಜಕನಿಗಲ್ಲ, ಅವನ ಆಳಿನ ಕಿವಿಗೆ. ಆಯುಧ ಎತ್ತಿದಾಗ ಮೊದಲು ಗಾಯಗೊಳ್ಳುವವನು ಕೂಲಿಯವನೇ ಎಂಬುದನ್ನು ನಾವು ಮರೆಯದಿರೋಣ.