ಐರ್ಲೆಂಡಿನ ಗಾಯಕ ಜಾನ್ ಮೆಕಾರ್ಮಕ್



ಸಂಗೀತ ಸ್ಪರ್ಧೆಯಲ್ಲಿ ಪದಕ ಪಡೆದವರೆಲ್ಲರೂ ಗಾಯಕರಾಗುವುದಿಲ್ಲ. ಪದಕವು ಶಾರೀರವುಂಟೆಂಬುದಕ್ಕೆ ಸಾಕ್ಷಿಯೇ ಹೊರತು ವಿದ್ಯೆಗೆ ಸಾಕ್ಷಿಯಲ್ಲ. ಇದಕ್ಕೆ ಜಾನ್ ಮೆಕಾರ್ಮಕನ ಜೀವನಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತೋರದು.

ಐರ್ಲೆಂಡಿನ ನಡುನಾಡಿನಲ್ಲಿ, ಷ್ಯಾನನ್ ನದಿಯ ದಡದ ಆತ್‌ಲೋನ್ ಪಟ್ಟಣದಲ್ಲಿ 1884ನೆಯ ಇಸವಿ ಜೂನ್ 14ರಂದು ಈತನು ಹುಟ್ಟಿದನು. ತಂದೆಯು ಅಲ್ಲಿಯ ಉಣ್ಣೆಯ ಗಿರಣಿಯ ಕೆಲಸಗಾರ. ಹುಡುಗನು ದೊಡ್ಡವನಾಗಿ ಡಬ್ಲಿನ್ ನಗರವನ್ನು ಸೇರಿ, ಅಲ್ಲಿಯ ಕೆಥೋಲಿಕ್ ಪ್ರಧಾನ ದೇವಾಲಯದ ಗಾಯಕವೃಂದದಲ್ಲಿ ಹಾಡತೊಡಗಿದನು. ವೃಂದದ ನಾಯಕ ವಿನ್ಸೆಂಟ್ ಓಬ್ರಿಯನ್ ಆತನಿಗೆ ಪಾಠ ಹೇಳಿದನು. ಫೆಷ್ ಕ್ಯೋಲ್ ಎಂಬ ಐರಿಷ್ ಸಂಗೀತೋತ್ಸವವು 1897ರಲ್ಲಿ ಮೊದಲಾಗಿತ್ತು. 1903ರಲ್ಲಿ ಅದರ ಟೆನರ್ ಸ್ಪರ್ಧೆಯಲ್ಲಿ, ಎಂದರೆ ಗಂಡಸರ ಎತ್ತರದ ಸ್ಥಾಯಿಯ ಕಂಠದವರಿಗಾಗಿ ಏರ್ಪಟ್ಟ ಸ್ಪರ್ಧೆಯಲ್ಲಿ, ಮೆಕಾರ್ಮಕನಿಗೆ ಚಿನ್ನದ ಪದಕವು ದೊರೆಯಿತು.

ಮರುವರ್ಷ ಅದೇ ಸ್ಪರ್ಧೆಯಲ್ಲಿ ಹಾಡಿದವನೊಬ್ಬನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೊಂದು ಕಾರಣದಿಂದ ಪರಿಚಿತನು: ಜೇಮ್ಸ್ ಜಾಯ್ಸ್! ಆತನು ಚೆನ್ನಾಗಿಯೇ ಹಾಡಿದನು. ಆದರೆ ಕಂಡರಿಯದ ಸ್ವರಲಿಪಿಯನ್ನು ನೋಡಿ ಒಡನೆಯೇ ಹಾಡುವ ಪರೀಕ್ಷೆಗೆ ಒಪ್ಪದೆ ವೇದಿಕೆಯಿಂದಿಳಿದನು. ದೊರೆತದ್ದು ಕಂಚು. ಸಾಹಿತ್ಯಕ್ಕೆ ಇದು ಲಾಭವೇ ಆಯಿತೆಂದು ನನ್ನ ಅಭಿಪ್ರಾಯ.

ಪದಕ ಬಂದೊಡನೆ ಮೆಕಾರ್ಮಕನಿಗೆ ಬಾಗಿಲುಗಳು ತೆರೆಯಲಿಲ್ಲ. 1905ರಲ್ಲಿ ಆತನು ಇಟಲಿಯ ಮಿಲಾನ್ ನಗರಕ್ಕೆ ಹೋಗಿ ವಿಂಚೆನ್ಸೊ ಸಬಾಟೀನಿ ಎಂಬ ಗುರುವಿನ ಶಿಷ್ಯನಾದನು. ಗುರುವು ಆ ಕಂಠವನ್ನು ತಿದ್ದುವ ಗೋಜಿಗೆ ಹೋಗದೆ ಉಸಿರಿನ ಸಾಧನೆಯನ್ನೇ ಮುಖ್ಯವಾಗಿ ಮಾಡಿಸಿದನೆಂದು ಹೇಳುವರು. 1906ರಲ್ಲಿ ಸವೋನದಲ್ಲಿ ಮೊದಲ ಸಲ ಆಪೆರಾ ರಂಗವನ್ನೇರಿದಾಗ ಆತನು ಇಟ್ಟುಕೊಂಡ ಹೆಸರು ಜೊವಾನಿ ಫೋಲಿ. ಮುಂದೆ ಆತನ ಮಡದಿಯಾದ ಲಿಲಿ ಫೋಲಿಯ ಮನೆತನದ ಹೆಸರೇ ಅದು. 1907ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್, 1909ರಲ್ಲಿ ನ್ಯೂಯಾರ್ಕ್. ಲಂಡನ್ನಿನ ಆ ರಂಗವನ್ನೇರಿದಾಗ ವಯಸ್ಸು ಇಪ್ಪತ್ತಮೂರು.

ಆದರೆ ಮೆಕಾರ್ಮಕನಿಗೆ ಅಭಿನಯವು ಒಲಿಯಲಿಲ್ಲ. ಅದನ್ನು ಆತನೂ ಮರೆಮಾಚಲಿಲ್ಲ. ಕ್ರಮೇಣ ಆಪೆರಾವನ್ನು ಬಿಟ್ಟು ಕಛೇರಿಯನ್ನೇ ಹಿಡಿದನು. ಐರಿಷ್ ಜನಪದ ಗೀತೆಗಳನ್ನೂ ಮನೆಮಂದಿಯೆಲ್ಲ ಬಲ್ಲ ಭಾವಗೀತೆಗಳನ್ನೂ ಸಾವಿರಾರು ಜನರ ಮುಂದೆ ಹಾಡಿದನು. ಇದು ಕಲೆಯಿಂದ ಜಾರಿದಂತೆ ಎಂದವರುಂಟು. ನಾನು ಒಪ್ಪಲಾರೆ. 1916ರಲ್ಲಿ ಆತನು ಗ್ರಾಮಫೋನಿಗೆ ಹಾಡಿದ ಮೊಟ್ಸಾರ್ಟನ ‘ಇಲ್ ಮಿಯೊ ತೆಸೋರೊ’ವನ್ನು ಕೇಳಿರಿ. ಉದ್ದವಾದ ಸ್ವರಮಾಲೆಯೊಂದು ಒಂದೇ ಉಸಿರಿನಲ್ಲಿ, ಎಲ್ಲಿಯೂ ಎಳೆ ಕಡಿಯದೆ ಸಾಗುತ್ತದೆ. ಸಾಮಾನ್ಯ ಗೀತೆಯನ್ನು ಹಾಡುವಾಗಲೂ ಅದೇ ಉಸಿರು. ಅದರ ಮೇಲೆ ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟ. ಸಾಹಿತ್ಯವನ್ನು ನುಂಗಿ ಹಾಡುವ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಇದ್ದಾರಷ್ಟೆ!

1928ರಲ್ಲಿ ಪೋಪರು ಆತನಿಗೆ ಕೌಂಟ್ ಪದವಿಯನ್ನಿತ್ತರು. 1932ರಲ್ಲಿ ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ನಡೆದ ಕೆಥೋಲಿಕ್ ಮಹಾಸಮ್ಮೇಳನದ ಪೂಜೆಯಲ್ಲಿ, ಲಕ್ಷಗಟ್ಟಲೆ ಜನ ನೆರೆದಿರುವಾಗ, ‘ಪಾನಿಸ್ ಆಂಜೆಲಿಕುಸ್’ ಎಂಬ ಸ್ತೋತ್ರವನ್ನು ಹಾಡಿದನು. 1938ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಬೀಳ್ಕೊಂಡಿದ್ದರೂ, ಯುದ್ಧವು ಬಂದಾಗ ರೆಡ್ ಕ್ರಾಸಿನ ಸಹಾಯಾರ್ಥವಾಗಿ ಮತ್ತೆ ವೇದಿಕೆಯನ್ನೇರಿದನು. ಅಷ್ಟರಲ್ಲಿ ಶ್ವಾಸಕೋಶಗಳು ಕೆಡುತ್ತಿದ್ದವು. ಉಸಿರನ್ನು ಅಷ್ಟು ಆಳಿದವನು ಉಸಿರಿಗಾಗಿಯೇ ಕಷ್ಟಪಟ್ಟು 1945ನೆಯ ಸೆಪ್ಟೆಂಬರ್ 16ರಂದು ಡಬ್ಲಿನ್ನಿನ ಬಳಿ ತೀರಿಕೊಂಡನು.