ಗೀಜರನ್ನು 'ಡೈರೆಕ್ಟ್' ಮಾಡಬೇಡಿರಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗೀಜರಿನಲ್ಲಿ ನೀರು ಕಾಯದೆ ಹೋದರೆ ನಮ್ಮಲ್ಲಿ ಅನೇಕರು ತಾವೇ ಸ್ಕ್ರೂಡ್ರೈವರ್ ಹಿಡಿಯುತ್ತೇವೆ. ದುಡಿಯುವ ಕೈಗೆ ಅದು ಸಹಜ. ನಾಲ್ಕು ಕಾಸೂ ಉಳಿಯುತ್ತದೆ. ಆದರೆ ಥರ್ಮೋಸ್ಟಾಟ್ ಕೆಟ್ಟಿತೆಂದು ಅದನ್ನು ಬಿಟ್ಟು ತಂತಿಯನ್ನು 'ಡೈರೆಕ್ಟ್' ಜೋಡಿಸುವ ಚಾಳಿಯನ್ನು ನಾವು ಬಿಡಲೇಬೇಕು.

ಕಡ್ಡಿಯಂತಹ ಥರ್ಮೋಸ್ಟಾಟಿನಲ್ಲಿ ಹೊರಗೆ ಹಿತ್ತಾಳೆಯ ಕೊಳವೆ, ಒಳಗೆ ಇನ್ವಾರ್ ಎಂಬ ಮಿಶ್ರಲೋಹದ ಸಲಾಕೆ. ಕಾದಾಗ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಬಹುಮಟ್ಟಿಗೆ ಹಿಗ್ಗದು. ಈ ಅಂತರವೇ ಸ್ವಿಚ್ಚನ್ನು ತೆರೆದು ವಿದ್ಯುತ್ತನ್ನು ತಡೆಯುತ್ತದೆ. ಅದನ್ನೂ ಕಟೌಟನ್ನೂ ತಪ್ಪಿಸಿದರೆ ನೀರು ಕಾಯುತ್ತಲೇ ಹೋಗುತ್ತದೆ. ಸೇಫ್ಟಿ ವಾಲ್ವು ಕಟ್ಟಿಕೊಂಡಿದ್ದರಂತೂ ಟ್ಯಾಂಕು ಸಿಡಿಯಬಹುದು. ಉಳಿತಾಯವೆಷ್ಟು, ಹಾನಿಯೆಷ್ಟು, ನೀವೇ ತೂಗಿ ನೋಡಿರಿ.

ಹೊಸದನ್ನು ಹಾಕುವುದಾದರೆ ಮೊದಲು ಮೇನ್ ಸ್ವಿಚ್ ಆರಿಸಿರಿ. ಟೆಸ್ಟರನ್ನು ವಿದ್ಯುತ್ತಿರುವ ಕಡೆ ಒಮ್ಮೆ ಪರೀಕ್ಷಿಸಿ, ಆಮೇಲೆ ಗೀಜರಿನ ತಂತಿಗೆ ಹಿಡಿಯಿರಿ. ಅದೇ ಅಳತೆಯ, ಅದೇ ಆಂಪಿಯರಿನ ಥರ್ಮೋಸ್ಟಾಟನ್ನೇ ತನ್ನಿರಿ. ಹಸಿರು ಅರ್ಥ್ ತಂತಿಯನ್ನು ಎಂದೂ ಬಿಚ್ಚಿಡಬೇಡಿರಿ. 2000 ವ್ಯಾಟಿನ ಗೀಜರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಪ್ಲಗ್ಗು ಸಾಲದು, 16 ಆಂಪಿಯರಿನದೇ ಬೇಕು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಇನ್ನೂ ಕ್ಷೇಮ.

ತಿಳಿಯದಿದ್ದರೆ ನಮ್ಮೊಳಗೇ ವಯರ್‌ಮನ್ ಬಾಂಧವರಿದ್ದಾರೆ, ಕರೆಯಲು ಸಂಕೋಚವೇಕೆ? ಆ ಗೀಜರಿನ ಕೆಳಗೆ ನಿಲ್ಲುವವರು ನಮ್ಮ ಹೆಂಡಿರು ಮಕ್ಕಳೇ.