ಕೋಡ್ ಬಂದ ಮೇಲೆ ಶುರುವಾಗುವ ಕೆಲಸ



ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಸ್ಪೀಡ್ ಸೆನ್ಸರ್ ನೋಡಲು ಹೆಬ್ಬೆರಳಿನಷ್ಟಿರುತ್ತದೆ. ಒಂದು ಬೋಲ್ಟ್, ಒಂದು ಓ-ರಿಂಗ್, ಎರಡೋ ಮೂರೋ ವೈರಿನ ಒಂದು ಕಪ್ಲರ್. ಆದರೆ ಅದು ಕೊಡುವ ಲೆಕ್ಕ ತಪ್ಪಿದ ಕೂಡಲೇ ಗಾಡಿಯ ನಡತೆಯೇ ಬದಲಾಗುತ್ತದೆ. ಗೇರ್ ಬೀಳುವಾಗ ಝಟ್ಕಾ ಹೊಡೆಯುತ್ತದೆ, ಒಂದೇ ಗೇರ್‌ನಲ್ಲಿ ಸಿಕ್ಕಿಕೊಂಡು ಪಿಕಪ್ ಸತ್ತುಹೋಗುತ್ತದೆ, ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಮುಳ್ಳು ಏಳುವುದೇ ಇಲ್ಲ. ಅಲ್ಲಿಂದ ಮುಂದೆ ದಾರಿ ಎರಡು. ಸ್ಕ್ಯಾನರ್ ಹಾಕಿ, ಕೋಡ್ ಓದಿ, ಸೆನ್ಸರ್ ಬದಲಿಸಿ, ಅದಕ್ಕೂ ಬಗ್ಗದಿದ್ದರೆ ಗೇರ್‌ಬಾಕ್ಸ್ ಇಳಿಸುವುದು ಒಂದು. ಸ್ಪ್ಯಾನರ್ ಮುಟ್ಟುವ ಮೊದಲು ತಪ್ಪು ಎಲ್ಲಿದೆ ಎಂದು ಅಳೆದು ನೋಡುವುದು ಇನ್ನೊಂದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಗ್ಯಾರೇಜ್ ಮಾಲೀಕರು, ಮೆಕ್ಯಾನಿಕ್‌ಗಳು, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿ ಈ ಸಂಕಿರಣ ಕೂಡಿರುವುದು ಎರಡನೆಯ ದಾರಿಯ ಪರವಾಗಿ.

ಇದು ಈಗಲೇ ಯಾಕೆ ಬೇಕು ಎಂಬುದಕ್ಕೆ ಬೆಂಗಳೂರಿನ ರಸ್ತೆಗಳೇ ಉತ್ತರ. ಬಹಳ ಕಾಲ ಇಲ್ಲಿ ಆಟೊಮ್ಯಾಟಿಕ್ ಎಂದರೆ ಸಿರಿವಂತರ ಗಾಡಿ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ಬಾಕ್ಸ್ ಹೊತ್ತು ಬಂದ ಮೇಲೆ ಚಿತ್ರ ಬದಲಾಯಿತು. ಸಣ್ಣ ಕಾರಿನವರೂ ಕ್ಲಚ್ ಪೆಡಲ್‌ಗೆ ವಿದಾಯ ಹೇಳತೊಡಗಿದರು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಇಂಥ ಊರಿನಲ್ಲಿ ಎಡಗಾಲಿಗೆ ಬಿಡುವು ಬೇಕೆನ್ನಿಸುವುದು ಸಹಜ. ಆ ಮೊದಲ ಅಲೆಯ ಗಾಡಿಗಳಿಗೆ ಈಗ ಹತ್ತು ವರ್ಷ ದಾಟಿದೆ. ವಾರಂಟಿ ಮುಗಿದಿದೆ, ಎರಡನೆಯ ಮೂರನೆಯ ಮಾಲೀಕರ ಕೈಗೆ ಹೋಗಿವೆ, ಕಂಪನಿ ಸರ್ವಿಸ್ ಬಿಟ್ಟು ಅಡ್ಡರಸ್ತೆಯ ಗ್ಯಾರೇಜುಗಳಿಗೆ ಬರುತ್ತಿವೆ. ಹಾಗಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ರೋಗ ಹಿಡಿಯುವ ಹೊಣೆ ಈ ಸಭೆಯಲ್ಲಿ ಕೂತವರ ಹೆಗಲಿಗೇ ಬಂದಿದೆ.

ಜನರಲ್ ಮೋಟರ್ಸ್ 1939ರಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಂದಾಗ ಅದರಲ್ಲಿ ಒಂದೂ ವೈರಿನ ಸೆನ್ಸರ್ ಇರಲಿಲ್ಲ. ಗಾಡಿ ಎಷ್ಟು ವೇಗದಲ್ಲಿದೆ ಎಂದು ತಿಳಿಸುತ್ತಿದ್ದದ್ದು ಗವರ್ನರ್. ಶಾಫ್ಟ್ ಜೊತೆ ತಿರುಗುವ ತೂಕದ ಗುಂಡುಗಳು ವೇಗ ಏರಿದಂತೆ ಹೊರಕ್ಕೆ ಹಾರಿ ಆಯಿಲ್ ಪ್ರೆಶರ್ ಏರಿಸುತ್ತಿದ್ದವು, ಆ ಪ್ರೆಶರ್ರೇ ಗೇರ್ ಬದಲಿಸುತ್ತಿತ್ತು. ಮುಂದೆ ಗವರ್ನರ್ ಹೋಗಿ ಅದರ ಜಾಗದಲ್ಲಿ ಸೆನ್ಸರ್ ಕೂತಿತು, ನಿರ್ಧಾರ ಮಾಡುವ ಕೆಲಸ ಕಂಪ್ಯೂಟರ್‌ಗೆ ಹೋಯಿತು. ಹಳೆಯ ಮೆಕ್ಯಾನಿಕ್ ಪ್ರೆಶರ್ ಗೇಜ್ ಹಾಕಿ ನೋಡುತ್ತಿದ್ದುದನ್ನು ಇಂದಿನವರು ವೋಲ್ಟೇಜ್‌ನಲ್ಲಿ ನೋಡಬೇಕು.

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಸೆನ್ಸರ್ ಎರಡು. ಟರ್ಬೈನ್ ಶಾಫ್ಟ್‌ನ ಸುತ್ತು ಎಣಿಸುವುದು ಇನ್‌ಪುಟ್ ಸೆನ್ಸರ್, ಗಾಲಿಗಳ ಕಡೆಗೆ ಹೋಗುವ ಶಾಫ್ಟ್ ಎಣಿಸುವುದು ಔಟ್‌ಪುಟ್ ಸೆನ್ಸರ್. ಎಂಜಿನ್ ಆರ್‌ಪಿಎಂ ಹೇಗೂ ಗೊತ್ತಿರುತ್ತದೆ. ಎಂಜಿನ್ ಮತ್ತು ಟರ್ಬೈನ್ ನಡುವಿನ ವ್ಯತ್ಯಾಸ ಟಾರ್ಕ್ ಕನ್ವರ್ಟರ್ ಎಷ್ಟು ಜಾರುತ್ತಿದೆ ಎಂದು ಹೇಳುತ್ತದೆ. ಟರ್ಬೈನ್ ಮತ್ತು ಔಟ್‌ಪುಟ್ ನಡುವಿನ ಅನುಪಾತ ಒಳಗಿನ ಕ್ಲಚ್‌ಗಳು ಹಿಡಿದಿವೆಯೇ ಎಂದು ಹೇಳುತ್ತದೆ. ಮೂರನೇ ಗೇರ್‌ನ ಅನುಪಾತ 1.5 ಎಂದಿಟ್ಟುಕೊಳ್ಳಿ. ಔಟ್‌ಪುಟ್ 1,200 ಸುತ್ತು ತೋರಿಸಿದರೆ ಇನ್‌ಪುಟ್ 1,800 ತೋರಿಸಲೇಬೇಕು. 2,100 ತೋರಿಸಿದರೆ ಒಂದೋ ಕ್ಲಚ್ ಜಾರುತ್ತಿದೆ, ಇಲ್ಲವೇ ಎರಡು ಸೆನ್ಸರ್‌ಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ಕಂಪ್ಯೂಟರ್‌ಗೆ ಈ ಎರಡನ್ನೂ ಯಾವಾಗಲೂ ಬೇರ್ಪಡಿಸಿ ನೋಡಲು ಆಗುವುದಿಲ್ಲ. ಅದು ಕೋಡ್ ಹಾಕಿ, ಗೇರ್‌ಬಾಕ್ಸ್ ಉಳಿಸಿಕೊಳ್ಳಲು ಒಂದೇ ಗೇರ್‌ನಲ್ಲಿ ನಿಲ್ಲಿಸಿ ಲಿಂಪ್ ಮೋಡ್‌ಗೆ ಹೋಗುತ್ತದೆ. ಬೇರ್ಪಡಿಸಿ ನೋಡುವುದು ಮನುಷ್ಯನ ಕೆಲಸ.

ಇಲ್ಲೊಂದು ಸಣ್ಣ ವಿಷಯ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ನಡೆಯುವಂಥದ್ದು. ಗಾಡಿ ಸಿಗ್ನಲ್‌ನಲ್ಲಿ ನಿಂತಿದೆ, ಗೇರ್ ಡಿಯಲ್ಲಿದೆ, ಬ್ರೇಕ್ ಮೇಲೆ ಕಾಲಿದೆ. ಸ್ಕ್ಯಾನರ್ ನೋಡಿದರೆ ಎಂಜಿನ್ 700, ಟರ್ಬೈನ್ ಸೊನ್ನೆ. ಹೊಸ ಹುಡುಗ ‘ಸೆನ್ಸರ್ ಸತ್ತಿದೆ ಅಣ್ಣಾ’ ಎನ್ನುತ್ತಾನೆ. ಸತ್ತಿಲ್ಲ. ಗಾಲಿ ನಿಂತಿದೆ, ಕ್ಲಚ್ ಹಿಡಿದಿದೆ, ಟರ್ಬೈನ್ ತಿರುಗಲು ದಾರಿಯೇ ಇಲ್ಲ. ಸೊನ್ನೆಯೇ ಅಲ್ಲಿ ಸರಿಯಾದ ಉತ್ತರ. ಈಗ ನ್ಯೂಟ್ರಲ್‌ಗೆ ಹಾಕಿದರೆ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಟರ್ಬೈನ್ ಸಂಖ್ಯೆ ಎಂಜಿನ್ ಸಂಖ್ಯೆಯ ಹತ್ತಿರಕ್ಕೆ ಏರುತ್ತದೆ. ಡಿಗೆ ಬಂದರೆ ಮತ್ತೆ ಇಳಿಯುತ್ತದೆ. ಒಂದು ಬೋಲ್ಟೂ ಸಡಿಲಿಸದೆ, ಗಾಡಿ ಒಂದಡಿಯೂ ಸರಿಯದೆ ಇನ್‌ಪುಟ್ ಸೆನ್ಸರ್ ಬದುಕಿದೆ ಎಂದು ತಿಳಿಯುವ ಪರೀಕ್ಷೆ ಇದು. ಇದನ್ನು ಪ್ರತಿ ಐಟಿಐಯಲ್ಲೂ ಆಟೊಮ್ಯಾಟಿಕ್ ಪಾಠದ ಮೊದಲ ದಿನ ಕಲಿಸಬೇಕು.

ಕೋಡ್‌ಗಳ ವಿಷಯ. ಪಿ 0715, ಪಿ 0716, ಪಿ 0717 ಇನ್‌ಪುಟ್ ಕಡೆಯವು. ಪಿ 0720, ಪಿ 0721, ಪಿ 0722 ಔಟ್‌ಪುಟ್ ಕಡೆಯವು. ಪಿ 0717 ಬಂದರೆ ಇನ್‌ಪುಟ್ ಸಿಗ್ನಲ್ ಕಂಪ್ಯೂಟರ್‌ಗೆ ತಲುಪಿಲ್ಲ ಎಂದು ಅರ್ಥ. ತಲುಪದಿರಲು ಸೆನ್ಸರ್ ಕೆಟ್ಟಿರಬಹುದು. ಕಪ್ಲರ್ ಪಿನ್ ಹಸಿರುಗಟ್ಟಿರಬಹುದು, ವೈರ್ ತುಂಡಾಗಿರಬಹುದು, ಸಪ್ಲೈ ಬರದಿರಬಹುದು, ಅರ್ತ್ ಸಡಿಲವಿರಬಹುದು, ಸೆನ್ಸರ್ ಓದುವ ಹಲ್ಲಿನ ಚಕ್ರವೇ ಬಿರುಕುಬಿಟ್ಟಿರಬಹುದು, ಕಡೆಗೆ ಕಂಪ್ಯೂಟರ್‌ನದೇ ದೋಷವಿರಬಹುದು. ಇಷ್ಟೆಲ್ಲದರಲ್ಲಿ ಒಂದನ್ನು ಮಾತ್ರ ಬದಲಿಸಿ ಬಿಲ್ ಬರೆಯುವುದು ಗಿರಾಕಿಯ ದುಡ್ಡಿನಲ್ಲಿ ಅದೃಷ್ಟ ಪರೀಕ್ಷೆ.

ಅಳೆಯುವ ಮೊದಲು ಸೆನ್ಸರ್ ಯಾವ ಜಾತಿಯದು ಎಂದು ಗೊತ್ತಿರಬೇಕು. ಎರಡು ವೈರಿನದು ಬಹಳ ಸಲ ಮ್ಯಾಗ್ನೆಟ್ ಮತ್ತು ಕಾಯಿಲ್‌ನದು. ಫ್ಯಾರಡೆ 1831ರಲ್ಲಿ ತೋರಿಸಿದ ತತ್ವದ ಮೇಲೆ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಕಪ್ಲರ್ ಬಿಚ್ಚಿ ಓಮ್ಸ್ ನೋಡಬಹುದು. ಮಾದರಿಯ ಪ್ರಕಾರ ಕೆಲವು ನೂರರಿಂದ ಒಂದೆರಡು ಸಾವಿರದವರೆಗೆ ಇರುತ್ತದೆ. ಮೂರು ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮದ ಮೇಲೆ ಕೆಲಸ ಮಾಡುವ ಇದಕ್ಕೆ ಹೊರಗಿನಿಂದ ಸಪ್ಲೈ ಬೇಕು. ಇದಕ್ಕೆ ಓಮ್ಸ್ ಇಟ್ಟು ತೀರ್ಪು ಕೊಡುವುದು ತಪ್ಪು. ಮೊದಲು ಸಪ್ಲೈ, ಆಮೇಲೆ ಅರ್ತ್, ಕಡೆಗೆ ಸಿಗ್ನಲ್. ಕೆಲವು ಗಾಡಿಗಳಲ್ಲಿ ಒಂದೇ 5 ವೋಲ್ಟ್ ಲೈನ್ ನಾಲ್ಕಾರು ಸೆನ್ಸರ್‌ಗಳಿಗೆ ಹಂಚಿಹೋಗಿರುತ್ತದೆ. ಎಲ್ಲೋ ಬೇರೆ ಸೆನ್ಸರ್ ಶಾರ್ಟ್ ಆಗಿ ಲೈನನ್ನು ಕೆಳಗೆಳೆದರೆ, ತಪ್ಪೇ ಮಾಡದ ಸ್ಪೀಡ್ ಸೆನ್ಸರ್ ಮೇಲೆ ಕೋಡ್ ಬೀಳುತ್ತದೆ.

ಈಗ ಬನಶಂಕರಿ ಕಡೆಯ ಗ್ಯಾರೇಜಿಗೆ ಬರಬಹುದಾದ ಒಂದು ಗಾಡಿಯನ್ನು ತೆಗೆದುಕೊಳ್ಳಿ. ಮಾಲೀಕರ ದೂರು ಹೀಗಿರುತ್ತದೆ: ‘ಬೆಳಿಗ್ಗೆ ಚೆನ್ನಾಗೇ ಇರತ್ತೆ ಸಾರ್. ಸಾಯಂಕಾಲ ಬರುವಾಗ ಸಿಗ್ನಲ್‌ನಲ್ಲಿ ನಿಲ್ಲಿಸೋಕೆ ಹೋದ್ರೆ ಹಿಂದಿನಿಂದ ಯಾರೋ ಗುದ್ದಿದ ಹಾಗಾಗತ್ತೆ. ಆಮೇಲೆ ಚೆಕ್ ಲೈಟ್ ಬರತ್ತೆ.’ ಈ ಎರಡು ಮಾತಿನಲ್ಲೇ ಅರ್ಧ ರೋಗ ಇದೆ. ಕಾಯಿಲ್ ಸೆನ್ಸರ್‌ನ ವೋಲ್ಟೇಜ್ ಶಾಫ್ಟ್‌ನ ವೇಗದ ಜೊತೆ ಏರಿಳಿಯುತ್ತದೆ. ವೇಗ ಕಡಿಮೆಯಾದಂತೆ ಸಿಗ್ನಲ್ ಬಡವಾಗುತ್ತದೆ. ಮ್ಯಾಗ್ನೆಟ್ ತುದಿಗೆ ಲೋಹದ ಪುಡಿ ಅಂಟಿದ್ದರೆ, ಸೆನ್ಸರ್ ಸರಿಯಾಗಿ ಕೂರದೆ ಅಂತರ ಹೆಚ್ಚಾಗಿದ್ದರೆ, ಅದು ಮೊದಲು ಕೈಕೊಡುವುದು ತೆವಳುವ ವೇಗದಲ್ಲಿ. ಇನ್ನು ಸಾಯಂಕಾಲ ಎಂದರೆ ಬಿಸಿ. ಜಾಮ್‌ನಲ್ಲಿ ನಿಂತು ಹೊರಟು ಮಾಡುವಾಗ ಟಾರ್ಕ್ ಕನ್ವರ್ಟರ್ ಜಾರಿ ಜಾರಿ ಗೇರ್ ಆಯಿಲ್ ಕಾಯುತ್ತದೆ. ಕಾಯಿಲ್‌ನೊಳಗೆ ಕೂದಲೆಳೆಯ ಬಿರುಕಿದ್ದರೆ ತಣ್ಣಗಿದ್ದಾಗ ಕೂಡಿಕೊಂಡಿರುವ ತಂತಿ ಬಿಸಿಯಲ್ಲಿ ಬಾಯಿಬಿಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಗಾಡಿ ಬಿಡಿಸಿಕೊಂಡು, ಹದಿನೈದು ನಿಮಿಷ ರಿಂಗ್ ರೋಡಿನಲ್ಲಿ ಓಡಿಸಿ ‘ಏನೂ ಇಲ್ಲ’ ಎಂದು ವಾಪಸ್ ಕೊಟ್ಟರೆ ಆ ತಪ್ಪು ಯಾವತ್ತೂ ಕಾಣಿಸಿಕೊಳ್ಳುವುದಿಲ್ಲ. ಈ ಗಾಡಿಯನ್ನು ಬಿಸಿ ಮಾಡಿಯೇ ಅಳೆಯಬೇಕು.

ಅಳೆಯುವಾಗ ನೋಡಬೇಕಾದದ್ದು ಗ್ರಾಫಿನ ಆಕಾರ. ಸ್ಕ್ಯಾನರ್‌ನಲ್ಲಿ ಎಂಜಿನ್, ಇನ್‌ಪುಟ್, ಔಟ್‌ಪುಟ್ ಮೂರೂ ಗೆರೆಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಿದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಕ್ಲಚ್ ಜಾರಿದಾಗ ಇನ್‌ಪುಟ್ ಗೆರೆ ಇಳಿಜಾರಿನಂತೆ ಮೇಲೇರುತ್ತದೆ, ಎಂಜಿನ್ ಗೆರೆಯೂ ಜೊತೆಗೆ ಏರುತ್ತದೆ. ತೂಕವಿರುವ ಲೋಹದ ಭಾಗಗಳು ವೇಗ ಬದಲಿಸಲು ಹೊತ್ತು ಬೇಕೇ ಬೇಕು. ಸಿಗ್ನಲ್ ತುಂಡಾದರೆ ಗೆರೆ 1,800ರಿಂದ ಸೊನ್ನೆಗೆ ನೆಟ್ಟಗೆ ಬಿದ್ದು ಮರುಕ್ಷಣ 1,800ಕ್ಕೇ ಎದ್ದು ನಿಲ್ಲುತ್ತದೆ, ಎಂಜಿನ್ ಗೆರೆ ಅಲುಗುವುದೇ ಇಲ್ಲ. ಶಾಫ್ಟ್ ಅಷ್ಟು ಬೇಗ ನಿಂತು ಅಷ್ಟು ಬೇಗ ಹೊರಡಲು ಸಾಧ್ಯವೇ ಇಲ್ಲ. ಅದು ವೈರಿನ ಮಾತು. ತೀರಾ ಕ್ಷಣಿಕ ತುಂಡನ್ನು ನಿಧಾನವಾದ ಸ್ಕ್ಯಾನರ್ ಹಿಡಿಯುವುದಿಲ್ಲ. ಅಲ್ಲಿ ಆಸಿಲೋಸ್ಕೋಪ್ ಬೇಕು. ಎರಡು ಮೂರು ಗ್ಯಾರೇಜುಗಳು ಸೇರಿ ಒಂದನ್ನು ಕೊಂಡರೂ ನಷ್ಟವಿಲ್ಲ.

ನಮ್ಮ ಬಡಾವಣೆಗಳಲ್ಲಿ ವೈರಿಗೆ ಶತ್ರುಗಳು ಕಡಿಮೆ ಇಲ್ಲ. ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬಾನೆಟ್ ಕೆಳಗೆ ಇಲಿ ಸೇರುತ್ತದೆ. ತಗ್ಗಿನ ರಸ್ತೆಗಳಲ್ಲಿ ಒಂದು ಜೋರು ಮಳೆಗೆ ನೀರು ಗೇರ್‌ಬಾಕ್ಸ್ ಮಟ್ಟಕ್ಕೆ ಬರುತ್ತದೆ. ಕಪ್ಲರ್‌ನೊಳಗೆ ಕೂತ ತೇವ ಮಳೆ ನಿಂತು ಎಷ್ಟೋ ದಿನಗಳ ಮೇಲೆ ಪಿನ್ ತಿನ್ನುತ್ತದೆ. ಲೆಕ್ಕವಿಲ್ಲದ ಹಂಪ್‌ಗಳ ಪೆಟ್ಟು ಬೇರೆ. ಆದ್ದರಿಂದ ಸೆನ್ಸರ್‌ಗೆ ಕೈ ಹಾಕುವ ಮೊದಲು ಟಾರ್ಚ್ ಹಿಡಿದು ವೈರಿನ ದಾರಿಯನ್ನು ಎರಡೂ ತುದಿಯವರೆಗೆ ನೋಡಬೇಕು, ಗಾಡಿ ಸ್ಟಾರ್ಟ್‌ನಲ್ಲಿದ್ದಾಗ ವೈರನ್ನು ಮೆಲ್ಲಗೆ ಅಲುಗಿಸಿ ಸಂಖ್ಯೆ ಕುಣಿಯುತ್ತದೆಯೇ ಎಂದು ನೋಡಬೇಕು. ಸೆನ್ಸರ್ ಹೊರಗೆ ತೆಗೆದರೆ ಅದರ ತುದಿಯನ್ನು ಬಟ್ಟೆಯಲ್ಲಿ ಒರೆಸಿ ಎಸೆಯುವ ಮೊದಲು ಒಂದು ಸಲ ನೋಡಬೇಕು. ನುಣ್ಣನೆಯ ಬೂದು ಬಣ್ಣದ ಪೇಸ್ಟ್ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ರೋಗ ಸೆನ್ಸರ್‌ನದಲ್ಲ, ಗೇರ್‌ಬಾಕ್ಸ್‌ನದು.

ಹೊರಗಡೆ ಬೋಲ್ಟ್ ಹಾಕಿದ ಸೆನ್ಸರ್ ಆದರೆ ತಪ್ಪು ಊಹೆಯ ದಂಡ ಸಣ್ಣದು. ಎಲ್ಲ ಗಾಡಿಯೂ ಹಾಗಿಲ್ಲ. ಮರ್ಸಿಡಿಸ್‌ನ 722.6 ಎಂಬ ಐದು ಗೇರ್‌ಗಳ ಆಟೊಮ್ಯಾಟಿಕ್‌ನಲ್ಲಿ ಸ್ಪೀಡ್ ಸೆನ್ಸರ್‌ಗಳು ಒಳಗಿನ ಕಂಡಕ್ಟರ್ ಪ್ಲೇಟ್‌ನಲ್ಲೇ ಸೇರಿವೆ. ಆಯಿಲ್ ಪ್ಯಾನ್ ಇಳಿಸದೆ ಮುಟ್ಟಲಾಗದು. ಅದೇ ಗೇರ್‌ಬಾಕ್ಸ್‌ನ ಕಪ್ಲರ್ ಸೀಲ್ ಸೋರಿದರೆ ಆಯಿಲ್ ವೈರಿನೊಳಗೇ ಹತ್ತಿ ಕಂಪ್ಯೂಟರ್‌ವರೆಗೆ ಹೋಗುವುದೂ ಉಂಟು. ಮೊದಲು ಕಂಪ್ಯೂಟರ್ ಕಡೆಯ ಕಪ್ಲರ್ ಬಿಚ್ಚಿ ಆಯಿಲ್ ಇದೆಯೇ ಎಂದು ನೋಡಿದವರಿಗೆ ಅರ್ಧ ದಿನ ಉಳಿಯುತ್ತದೆ. ಸಿವಿಟಿಯಲ್ಲಿ ಕಷ್ಟ ಇನ್ನೊಂದು ಥರ. ಅಲ್ಲಿ ಹೋಲಿಸಲು ನಿಗದಿಯಾದ ಗೇರ್ ಅನುಪಾತವೇ ಇಲ್ಲ, ಎರಡು ಪುಲ್ಲಿಗಳ ಸಂಖ್ಯೆಯನ್ನು ಕಂಪ್ಯೂಟರ್ ಬಯಸಿದ ಅನುಪಾತದ ಪಕ್ಕ ಇಟ್ಟು ಓದಬೇಕು.

ಬಯಸಿದ ಅನುಪಾತ ಎಷ್ಟು, ಯಾವ ಪಿನ್‌ಗೆ ಎಷ್ಟು ವೋಲ್ಟ್, ಕಾಯಿಲ್ ಎಷ್ಟು ಓಮ್ಸ್ ಎಂಬುದೆಲ್ಲ ಎಲ್ಲಿ ಸಿಗುತ್ತದೆ? ಗ್ಯಾರೇಜಿನವರ ನಿಜವಾದ ನೋವು ಇಲ್ಲಿದೆ. ಗಾಡಿಯೇ ತನ್ನ ದೋಷದ ಕೋಡ್ ಹೇಳುವ ಒಬಿಡಿ-2 ವ್ಯವಸ್ಥೆ ಭಾರತದಲ್ಲಿ ಕಾರುಗಳಿಗೆ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಎಂಜಿನ್‌ನ ಸಾಮಾನ್ಯ ಕೋಡ್ ಓದುತ್ತದೆ. ಆದರೆ ಗೇರ್‌ಬಾಕ್ಸ್ ಕಂಪ್ಯೂಟರ್‌ನ ಟರ್ಬೈನ್ ಸಂಖ್ಯೆ ಹೆಚ್ಚಾಗಿ ಕಂಪನಿಯ ಸ್ವಂತ ಭಾಷೆಯಲ್ಲಿರುತ್ತದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗಗಳನ್ನೂ ರೋಗ ಹಿಡಿಯುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗುವಂತೆ ಮಾಡಿ ಎಂದು ಆದೇಶಿಸಿತು. ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್‌ನಲ್ಲಿ ವಾಹನಗಳೂ ಸೇರಿವೆ. ಆದೇಶವೂ ಇದೆ, ಪೋರ್ಟಲ್ಲೂ ಇದೆ. ಜಾಕ್ ಮೇಲೆ ಗಾಡಿ ಏರಿಸಿ ನಿಂತವನ ಕೈಗೆ ವೈರಿಂಗ್ ನಕ್ಷೆ ಬರಬೇಕಾದದ್ದು ನ್ಯಾಯ. ಅದನ್ನು ಒಬ್ಬೊಬ್ಬರೇ ಬೇಡಿದರೆ ಯಾರಿಗೂ ಕೇಳಿಸದು, ಸಂಘವಾಗಿ ಕೇಳಬೇಕು.

ಮಾಹಿತಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಚೆನ್ನಾಗಿರುವ ಗಾಡಿ ಸರ್ವಿಸ್‌ಗೆ ಬಂದಾಗಲೇ ಅದರ ಓಮ್ಸ್, ಸಪ್ಲೈ, ಬಿಸಿಯಲ್ಲಿ ಮೂರು ಗೆರೆಗಳ ರೆಕಾರ್ಡ್ ತೆಗೆದಿಟ್ಟುಕೊಂಡರೆ ಮುಂದೆ ಕೆಟ್ಟ ಗಾಡಿ ಬಂದಾಗ ಹೋಲಿಸಲು ಸ್ವಂತ ಪುಸ್ತಕವೇ ಆಗುತ್ತದೆ. ಈ ನಾಲ್ಕು ಬಡಾವಣೆಗಳ ಗ್ಯಾರೇಜುಗಳು ಅದನ್ನು ಹಂಚಿಕೊಂಡರೆ, ಪಾಲಿಟೆಕ್ನಿಕ್‌ನ ಹುಡುಗ ಹುಡುಗಿಯರು ಮಾದರಿವಾರು ಜೋಡಿಸಿ ಕನ್ನಡದಲ್ಲಿ ಬರೆದಿಟ್ಟರೆ, ಅವರ ಪ್ರಾಜೆಕ್ಟ್‌ಗೂ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಸಂಕಿರಣದ ಮುಂದೆ ಈಗ ಎರಡು ಕೆಲಸಗಳಿವೆ. ಒಂದು, ಎಲ್ಲ ಗ್ಯಾರೇಜುಗಳೂ ಬಳಸುವಂಥ ಒಂದು ಜಾಬ್ ಕಾರ್ಡ್ ಸಿದ್ಧಪಡಿಸುವುದು: ತೊಂದರೆ ಕಾಣಿಸಿದ್ದು ಎಷ್ಟು ವೇಗದಲ್ಲಿ, ಯಾವ ಗೇರ್‌ನಲ್ಲಿ, ಗಾಡಿ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆಯಲ್ಲಿ ಓಡಿತ್ತೇ, ಇತ್ತೀಚೆಗೆ ಬ್ಯಾಟರಿ ಬದಲಿಸಿದ್ದರೇ. ಎರಡು, ಬಿಲ್‌ನಲ್ಲಿ ರೋಗ ಪರೀಕ್ಷೆಯ ಶುಲ್ಕಕ್ಕೆ ಬೇರೆ ಸಾಲು ತರುವುದು. ಎರಡು ಗಂಟೆ ಅಳೆದು ತುಂಡಾದ ಒಂದು ವೈರ್ ಹುಡುಕಿ ಬೆಸೆದವರಿಗೆ, ಸೆನ್ಸರ್ ಮಾರಿದವರಿಗಿಂತ ಕಡಿಮೆ ದುಡ್ಡು ಸಿಗುವ ಪದ್ಧತಿ ಇರುವಷ್ಟು ದಿನ ಅಳೆಯುವವರು ಕಡಿಮೆಯಾಗುತ್ತಲೇ ಹೋಗುತ್ತಾರೆ. ಆ ಸಾಲಿನಲ್ಲಿ ಎಷ್ಟು ಬರೆಯಬೇಕು, ಗಿರಾಕಿಗೆ ಅದನ್ನು ಹೇಗೆ ವಿವರಿಸಬೇಕು ಎಂಬುದು ಮಧ್ಯಾಹ್ನದ ಗೋಷ್ಠಿಯಲ್ಲಿ ಗ್ಯಾರೇಜಿನವರ ಬಾಯಿಂದಲೇ ಬರಲಿ.